ಬೀಗದ ಮಾಮನಿಗೇ ಬಿದ್ದ ಬೀಗ

ಎಲ್ಲದಕ್ಕೂ ಮೂಲ ಒಂದು ತರಕಾರಿ ಹೆಚ್ಚುವ ಚಾಕು. ಹೋದ ವಾರ ಮಕ್ಕಳ ಕಲ್ಯಾಣ ಇಲಾಖೆಯ ಮೇಡಂ ಮನೆ ನೋಡಲು ಬಂದಾಗ ಅದು ಅಡುಗೆ ಕಟ್ಟೆಯ ಮೇಲೆ ಆರಾಮಾಗಿ ಮಲಗಿತ್ತು. ಪಕ್ಕದಲ್ಲೇ ಫಿನಾಯಿಲ್ ಬಾಟಲಿ ಬೇರೆ.

"ಅಪಾಯದ ಸಾಮಾನು ಒಂದೂ ಮಕ್ಕಳ ಕೈಗೆ ಸಿಗಬಾರದು. ಬೀಗ ಹಾಕಿಡಿ. ಮುಂದಿನ ಸೋಮವಾರ ಬಂದು ನೋಡ್ತೀನಿ. ಆಗಲೂ ಹೀಗೇ ಇದ್ರೆ ದತ್ತು ಕೊಡಬಹುದು ಅಂತ ಬರೆಯೋಕೆ ಆಗಲ್ಲ. ಮಕ್ಕಳು ವಾಪಸ್ ಬಾಲಮಂದಿರಕ್ಕೆ ಹೋಗ್ಬೇಕಾಗತ್ತೆ" ಎಂದು ಹೇಳಿ ಹೋಗಿದ್ದರು.

ಹೇಳಿದ್ದು ಯಾರಿಗೆ? ಬೀಗದ ಮಾಮನಿಗೆ! ಬಸ್ ನಿಲ್ದಾಣದ ಎದುರು ಪುಟ್ಟ ಅಂಗಡಿಯಲ್ಲಿ ಕೂತು ಊರಿನ ಅರ್ಧ ಬೀಗಗಳನ್ನು ರಿಪೇರಿ ಮಾಡಿದ ಆಸಾಮಿಗೆ. ತೀರಿಹೋದ ತಂಗಿಯ ಇಬ್ಬರು ಮಕ್ಕಳು, ನಾಲ್ಕನೇ ಕ್ಲಾಸಿನ ಪುಟ್ಟಿ ಮತ್ತು ಅವಳ ತಮ್ಮ ಚೋಟು, ಅವನ ಜೀವ. ಅವರಿಗಾಗಿ ಬೀಗ ಹಾಕುವುದು ಅದ್ಯಾವ ದೊಡ್ಡ ಕೆಲಸ ಎಂದುಕೊಂಡ. ಅಲ್ಲೇ ಎಡವಟ್ಟಾಯಿತು.

ಸೋಮವಾರ ಬೆಳಿಗ್ಗೆ ಮಕ್ಕಳು ಶಾಲೆಗೆ ಹೋದ ಮೇಲೆ ಅವನು ಚಾಕು, ಫಿನಾಯಿಲ್ ಎರಡನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಅಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಎದುರುಮನೆಯ ನರ್ಸಮ್ಮ ಇಣುಕಿದಳು.

"ಅಣ್ಣಾ, ಮಾತ್ರೆ ಡಬ್ಬಿ ಹಾಗೇ ಇದೆಯಲ್ಲ! ಕತ್ತರಿ? ಸೂಜಿ? ನಿನ್ನ ಅರ, ಇಕ್ಕಳ, ತಂತಿ ಎಲ್ಲಾ ಚೂಪು ಸಾಮಾನೇ ಅಲ್ವಾ?"

ಮಾತ್ರೆ ಡಬ್ಬಿಗೂ ಬೀಗ ಬಿತ್ತು; ಅರ, ಇಕ್ಕಳ, ತಂತಿಯೂ ಪೆಟ್ಟಿಗೆ ಸೇರಿದವು. ಆಮೇಲೆ ಮಹಡಿಮನೆ ಮೇಷ್ಟ್ರು ಇಳಿದು ಬಂದರು. ರಿಟೈರ್ ಆದ ಮೇಲೆ ಅವರಿಗೆ ಪಾಠ ಹೇಳಲು ಯಾರೂ ಸಿಗದೆ ನಾಲಿಗೆ ಕಡಿಯುತ್ತಿತ್ತು.

"ಗಾಜಿನ ಲೋಟ ಒಡೆಯತ್ತಯ್ಯ. ಬೀಗ ಹಾಕು. ಅಕ್ಕಿ ಡಬ್ಬದ ಮುಚ್ಚಳ ನೋಡು, ಅಂಚು ಹೇಗಿದೆ! ಅದಕ್ಕೂ ಹಾಕು. ಹೊರಗಿನ ವಿಚಾರ ನನಗೆ ಬಿಡು."

"ರೀ, ಅಕ್ಕಿಗೂ ಬೀಗ ಹಾಕಿದ್ರೆ ಊಟಕ್ಕೇನು ಮಾಡ್ಲಿ?" ಎಂದು ಹೆಂಡತಿ ಕೇಳಿದಳು. 

"ಮೇಡಂ ಬಂದು ಹೋಗ್ಲಿ ಇರೇ" ಎಂದ ಮಾಮ. ಅಷ್ಟು ಹೊತ್ತಿಗೆ ಯಾವ ಬೀಗ ಯಾವುದಕ್ಕೆ, ಯಾವ ಕೀ ಯಾವುದರದ್ದು ಎಂದು ಅವನ ತಲೆ ಕಲಸುಮೇಲೋಗರವಾಗಿತ್ತು.

ಮೇಷ್ಟ್ರು ಕೀ ಗೊಂಚಲನ್ನು ದಿಟ್ಟಿಸಿದರು. "ಇದನ್ನ ಮಗು ನುಂಗಿದ್ರೆ?"

ಮಾಮ ಗಾಬರಿಬಿದ್ದು ಗೊಂಚಲನ್ನು ಟ್ರಂಕಿನೊಳಗೆ ಎಸೆದು, ತಾನೇ ತಯಾರಿಸಿದ, ಯಾವ ಕಳ್ಳನಿಗೂ ಬಗ್ಗದ ಬೀಗವನ್ನು ಚಟಕ್ಕನೆ ಒತ್ತಿದ. ಒತ್ತಿದ ಮೇಲೆ ಹೊಳೆಯಿತು. ಆ ಬೀಗದ ಕೀ ಕೂಡ ಅದೇ ಗೊಂಚಲಿನಲ್ಲಿತ್ತು.

ಸಂಜೆ ಮಕ್ಕಳು ಬಂದರು, ಹಿಂದೆಯೇ ಮೇಡಂ. ಎಲ್ಲೆಲ್ಲೂ ಬೀಗ ಕಂಡು ಅವರಿಗೆ ಖುಷಿಯಾಯಿತು. "ಭೇಷ್! ಸ್ವಲ್ಪ ತೆಗೆದು ತೋರ್ಸಿ."

ಮಾಮ ಬೆವತ. ಕೀ ಟ್ರಂಕಿನಲ್ಲಿ. ಅರ, ತಂತಿ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಕೀ ಟ್ರಂಕಿನಲ್ಲಿ. ಹೆಂಡತಿಯ ಸೇಫ್ಟಿ ಪಿನ್ನು ಇಸಿದುಕೊಂಡು ಟ್ರಂಕಿನ ಬೀಗವನ್ನು ತಿವಿದ, ತಿರುಚಿದ, ಕೊನೆಗೆ ಗೋಗರೆದ. ಪಿನ್ನು ಮುರಿಯಿತು. ತನ್ನ ಕೈಕೆಲಸದ ಮೇಲೆ ಅವನಿಗೆ ಮೊದಲ ಸಲ ಸಿಟ್ಟು ಬಂತು.

"ಪುಟ್ಟಿ, ನೀನೊಂದ್ಸಲ ನೋಡಮ್ಮಾ" ಎಂದ, ಬೇರೆ ದಾರಿ ಕಾಣದೆ.

ಪುಟ್ಟಿ ಜಡೆಯಿಂದ ಹೇರ್‌ಪಿನ್ ಕಿತ್ತು, ಬೀಗಕ್ಕೆ ಕಿವಿ ಇಟ್ಟು ತಿರುಗಿಸಿದಳು. ಕಿಟಕ್! ತೆರೆದುಕೊಂಡಿತು.

"ಅಕ್ಕ ಎಲ್ಲಾ ಬೀಗಾನೂ ತೆಗೀತಾಳೆ!" ಎಂದು ಚೋಟು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದ. "ಮಾಮಾನೇ ಹೇಳ್ಕೊಟ್ಟಿದ್ದು!"

ಮೇಡಂ ಮುಖ ಗಂಭೀರವಾಯಿತು. "ಅಂದ್ರೆ ಈ ಮನೇಲಿ ಬೀಗ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಇಂಥ ವಿದ್ಯೆ ಮಗೂಗೆ ಯಾಕ್ರೀ ಕಲಿಸಿದ್ರಿ?"

"ಬಾಲಮಂದಿರದಲ್ಲಿ ರಾತ್ರಿ ಬಾಗಿಲಿಗೆ ಬೀಗ ಹಾಕ್ತಿದ್ರಂತೆ ಮೇಡಂ. ಇಲ್ಲಿಗೆ ಬಂದ್ಮೇಲೂ ಮುಚ್ಚಿದ ಬಾಗಿಲು ಕಂಡ್ರೆ ಅಳ್ತಿದ್ಳು. ಬೀಗ ಅಂದ್ರೆ ಹೆದರೋಂಥದ್ದೇನಲ್ಲ ಅಂತ ತೋರಿಸ್ದೆ. ಆಮೇಲೆ ನಿದ್ದೆ ಮಾಡಿದ್ಳು" ಎಂದ ಮಾಮ.

ಮೇಡಂ ಪುಟ್ಟಿಯ ತಲೆ ಸವರಿದರು. "ಅರ್ಥ ಆಗತ್ತೆ. ಆದ್ರೆ ನಾನು ಹೇಗೆ ಒಪ್ಪಿಗೆ ಬರೀಲಿ?" ಎಂದು ಬ್ಯಾಗ್ ಎತ್ತಿಕೊಂಡು ಬಾಗಿಲು ಎಳೆದರು. ಅದು ಅಲ್ಲಾಡಲಿಲ್ಲ. ಪಕ್ಕದ ಕಿಟಕಿಯಿಂದ ನೋಡಿದರೆ ಹೊರಗಿನ ಚಿಲಕಕ್ಕೆ ಮೇಷ್ಟ್ರ ಬೀಗ ನೇತಾಡುತ್ತಿತ್ತು. ಮೇಡಂ ಇರುವಾಗ ಮಕ್ಕಳು ಬೀದಿಗೆ ಓಡಿ ಮಾನ ಕಳೆಯಬಾರದೆಂದು ಹೊರಗಿನ ವಿಚಾರ ನೋಡಿಕೊಂಡು ಅವರು ವಾಕಿಂಗ್ ಹೋಗಿದ್ದರು. ಫೋನ್ ಮಾಡಿದರೆ ಅದು ಮಹಡಿಯ ಮೇಲೆ ಹಾಡುತ್ತಿತ್ತು. 

"ಅಯ್ಯೋ, ನನ್ನ ಬಸ್ಸು!" ಮೇಡಂ ಪುಟ್ಟಿಯ ಕಡೆ ತಿರುಗಿದರು. ದನಿ ಬೆಣ್ಣೆಯಾಗಿತ್ತು. "ಮಗೂ, ಕಿಟಕಿಯಿಂದ ಕೈ ಹಾಕಿ ಸ್ವಲ್ಪ ತೆಗೀತೀಯಾ?"

"ತೆಗಿಯಲ್ಲ ಮೇಡಂ."

"ಪುಟ್ಟೀ!" ಎಂದು ಮಾಮ ಕಂಗಾಲಾದ.

"ನೀನೇ ಅಲ್ವಾ ಮಾಮ ಹೇಳಿದ್ದು, ಯಾರ ಬೀಗವೋ ಅವರನ್ನ ಕೇಳದೆ ಮುಟ್ಟಬಾರದು ಅಂತ? ಇದು ಮೇಷ್ಟ್ರದ್ದು. ಅವರು ಬರ್ಲಿ."

"ಹಾಗಾದ್ರೆ ಆ ಮಾತ್ರೆ ಡಬ್ಬಿ?" ಎಂದು ಮೇಡಂ ನಿಧಾನವಾಗಿ ಕೇಳಿದರು.

"ಅದು ಅತ್ತೇದು. ಕೇಳದೆ ಯಾಕೆ ತೆಗೀಲಿ?"

ಮೇಡಂ ಗದರಿದರು, ಚಾಕಲೇಟಿನ ಆಸೆ ತೋರಿಸಿದರು. ಪುಟ್ಟಿ ಜಪ್ಪಯ್ಯ ಎನ್ನಲಿಲ್ಲ. ಮಾಮ ತಾನೇ ತೆಗೆಯುತ್ತೇನೆಂದು ಮುಂದಾದರೆ ಅವನಿಗೂ ಕಣ್ಣು ಬಿಟ್ಟಳು. ಬಸ್ಸು ಹೋಯಿತು. ಮೇಷ್ಟ್ರು ಬರುವವರೆಗೂ ಮೇಡಂ ಕುರ್ಚಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದರು. ಕಡೆಗೆ ಅವರ ಮುಖದಲ್ಲಿ ನಗು ಮೂಡಿತು.

"ಒಪ್ಪಿಗೆ ಬರೀತೀನಿ. ಈ ಮನೇಲಿ ಜವಾಬ್ದಾರಿ ಇರೋರು ಒಬ್ಬರಿದ್ದಾರೆ."

ಮಾಮನ ಕಣ್ಣು ತುಂಬಿತು. ಎದೆ ಸೆಟೆಸಿ ನಿಂತ. "ದೊಡ್ಡ ಮಾತು ಮೇಡಂ, ನಾನು..."

"ನಿಮಗಲ್ರೀ ಹೇಳಿದ್ದು" ಎಂದು ಮೇಡಂ ಕೀ ಗೊಂಚಲನ್ನು ಪುಟ್ಟಿಯ ಕೈಗೆ ಹಾಕಿದರು. "ಇದು ಇನ್ಮೇಲೆ ನಿನ್ನ ಹತ್ರ ಇರ್ಲಿ."

ಅವರು ಹೋದ ಮೇಲೆ ಮಾಮ ಮಕ್ಕಳಿಬ್ಬರನ್ನೂ ಎತ್ತಿ ಕುಣಿದಾಡಿದ. ಅಷ್ಟರಲ್ಲಿ ನರ್ಸಮ್ಮ ಓಡಿಬಂದಳು. ಅವಳ ಮನೆ ಬೀಗ ಕೆಟ್ಟು ಕೂತಿತ್ತು.

"ಪುಟ್ಟಿ, ನನ್ನ ಅರ, ಇಕ್ಕಳ ಕೊಡಮ್ಮಾ, ಬೇಗ" ಎಂದ ಮಾಮ.

"ಅದು ಅಪಾಯದ ಸಾಮಾನು. ದೊಡ್ಡೋರು ಜೊತೇಲಿರ್ಬೇಕು."

"ನಾನೇ ದೊಡ್ಡವನಲ್ವೇನೇ?"

ಪುಟ್ಟಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ ಅಡುಗೆಮನೆಯತ್ತ ಕೂಗಿದಳು. "ಅತ್ತೇ, ಮಾಮಂಗೆ ಕೊಡಬಹುದಾ?"

ಬೆಳಿಗ್ಗೆಯಿಂದ ಹಸಿದಿದ್ದ ಅತ್ತೆ ಅಕ್ಕಿ ತೊಳೆಯುತ್ತಲೇ ಹೇಳಿದಳು: "ಮುಂದಿನ ಸೋಮವಾರ ನೋಡೋಣ ಅಂತ ಹೇಳು."