ಮೇಷ್ಟರ ಮನೆಯ ಇಸ್ಪೀಟು

ಊರಿಗೆಲ್ಲ ಬುದ್ಧಿ ಹೇಳುವುದು ಸುಲಭ. ಹೇಳಿದ ಬುದ್ಧಿ ತಿರುಗಿ ನಮ್ಮ ಮನೆಯ ಹೊಸಿಲಿಗೇ ಬಂದಾಗ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ. ಹೊಸದುರ್ಗದಲ್ಲಿ ನಾನು ಮೇಷ್ಟರಾಗಿದ್ದಾಗ ಇಸ್ಪೀಟಿನ ಮೇಲೆ ನನಗಿದ್ದಷ್ಟು ಕೋಪ ಮತ್ತಾರಿಗೂ ಇರಲಿಲ್ಲ. ಅರಳಿಕಟ್ಟೆಯಲ್ಲಿ ಆಡುತ್ತಿದ್ದ ಸಿದ್ದಪ್ಪನ ಕೈಯಿಂದ ಎಲೆಗಳನ್ನು ಕಿತ್ತು ತಂದು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ. ಇಂಥ ನನ್ನ ಮಗಳು, ನನ್ನದೇ ಶಾಲೆಯಲ್ಲಿ ಓದುವ ಏಳು ವರ್ಷದ ಗಿರಿಜೆಗೆ, ಕೂಡುವ ಲೆಕ್ಕ ಬರುತ್ತಿರಲಿಲ್ಲ! ಇನ್ನೆಂಟು ದಿನಕ್ಕೆ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರ ಸವಾರಿ. ಮೇಷ್ಟರ ಮಕ್ಕಳನ್ನೇ ಮೊದಲು ಎಬ್ಬಿಸಿ ಕೇಳುವುದು ಅವರ ರೂಢಿ. ಮಗ ಲೆಕ್ಕ ತಪ್ಪಿದನೆಂದೇ ಪಕ್ಕದೂರಿನ ಮೇಷ್ಟರಿಗೆ ವರ್ಗವಾಗಿತ್ತು.

ನನಗೆ ಗೊತ್ತಿದ್ದ ಉಪಾಯ ಒಂದೇ: ಕೇಳುವುದು, ಕಿವಿ ಹಿಂಡುವುದು. ಕೊನೆಕೊನೆಗೆ ನನ್ನ ಕೆಮ್ಮು ಕೇಳಿದರೇ ಮಗುವಿಗೆ ಎರಡೂ ಎರಡೂ ಮರೆತುಹೋಗುತ್ತಿತ್ತು. ನನ್ನಾಕೆಗೆ ರೇಗಿತು.

"ಕಿವಿ ಹಿಂಡಿದ್ರೆ ಲೆಕ್ಕ ಬರ್ತೈತೇನ್ರಿ? ಪೆಟ್ಟಿಗೇಲಿರೋ ಎಲೆ ತೆಗೀರಿ. ರಾಜ, ರಾಣಿ, ಗುಲಾಮ ಬ್ಯಾಡ. ಮಿಕ್ಕಿದ್ದೆಲ್ಲ ಲೆಕ್ಕಾನೇ ಐತೆ."

ಬೀಗದ ಕೈ ನನ್ನ ಉಡಿದಾರದಲ್ಲಿದ್ದರೂ ಒಳಗೇನಿದೆಯೆಂದು ಅವಳಿಗೆ ಹೇಗೆ ತಿಳಿಯಿತೋ! ಬಾಗಿಲಿಗೆ ಅಗುಳಿ ಹಾಕಿ ಗಿರಿಜೆಯೂ ನಾನೂ ಆಟಕ್ಕೆ ಕುಳಿತೆವು. ಇಬ್ಬರೂ ಒಂದೊಂದು ಎಲೆ ಮಗುಚುವುದು. ಎರಡನ್ನೂ ಕೂಡಿ ಮೊದಲು ಹೇಳಿದವರಿಗೆ ಎರಡೂ ಎಲೆ. ತಪ್ಪು ಹೇಳಿದವರ ಕಿವಿಯನ್ನು ಸರಿ ಹೇಳಿದವರು ಹಿಂಡಬೇಕೆಂಬ ಕರಾರು ಗಿರಿಜೆಯದು.

"ಇಸ್ಕೂಲ್ನಾಗೆ ಹಂಗೇ ಅಲ್ವೇನಪ್ಪ?" ಎಂದಳು. ನಾನೇ ಹಾಕಿಕೊಟ್ಟ ಪದ್ಧತಿ, ಒಪ್ಪದೆ ವಿಧಿಯಿರಲಿಲ್ಲ.

ಮೊದಲ ದಿನ ಎಲೆಯ ಮೇಲಿನ ಚಿತ್ರಗಳನ್ನು ಬೆರಳಿಟ್ಟು ಎಣಿಸಿದಳು. ಮೂರನೆಯ ದಿನಕ್ಕೆ ಬೆರಳು ಬಿಟ್ಟಳು. ಐದನೆಯ ದಿನ ನಾನು "ಹನ್ನೊಂದು" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎಲೆಗಳು ಅವಳ ಮಡಿಲಲ್ಲಿ! ಅಬ್ಬಾ, ಆ ಮಗುವಿನ ಕಣ್ಣೇನು, ನಗುವೇನು! ತಂದೆಯಾದವನು ಹಿಗ್ಗಬೇಕಿತ್ತು. ಹಿಗ್ಗಿದೆ ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಸೋತ ರೋಷ. ಊಟಕ್ಕೆ ಕರೆದರೆ "ಇನ್ನೊಂದೇ ಆಟ ಕಣೇ" ಎನ್ನುತ್ತಿದ್ದವನು ನಾನೇ. ನಮ್ಮ ಗದ್ದಲಕ್ಕೆ ಸಿದ್ದಪ್ಪ ಕಿಟಕಿಯಲ್ಲಿ ಇಣುಕಿ, ತನ್ನ ಎಲೆಗಳ ಗುರುತು ಹಿಡಿದು, "ಮೇಷ್ಟ್ರೇ, ಒಂದು ಕೈ ಕಮ್ಮಿ ಬಿದ್ರೆ ಕರೀರಿ" ಎಂದು ಹೋದ.

ಸಾಹೇಬರು ಬಂದೇಬಿಟ್ಟರು. ಅಂದು ಬೆಳಿಗ್ಗೆಯೂ ನಾವು ಕೊನೆಯದೊಂದು ಆಟ ಆಡಿಯೇ ಶಾಲೆಗೆ ಹೋಗಿದ್ದೆವು. ಅವರು ಗಿರಿಜೆಯನ್ನು ಎಬ್ಬಿಸಿದಾಗ ನಾನು ಬಂದ ಕೆಮ್ಮನ್ನು ತಡೆದುಕೊಂಡೆ.

"ಎಂಟೂ ಏಳೂ?"

"ಹದಿನೈದು!" ಸಾಹೇಬರ ಬಾಯಿ ಇನ್ನೂ ಮುಚ್ಚಿರಲಿಲ್ಲ. ಆರೂ ಒಂಬತ್ತೂ ಕೇಳಿದರು, ಅದೂ ಹಾಗೆಯೇ. ಅವರು ಮಗುವಿನ ಬೆನ್ನು ತಟ್ಟಿ ನನ್ನ ಕಡೆ ತಿರುಗಿದರು.

"ಇದೇನು ಮೇಷ್ಟ್ರೇ, ನಿಮ್ಮ ಎಡಗಿವಿ ಹೀಗೆ ಕೆಂಪಾಗಿದೆ?"

ಇರುವೆ ಕಚ್ಚಿತೆನ್ನಬೇಕೆಂದಿದ್ದೆ. ಲೆಕ್ಕದಲ್ಲಿ ಹೇಗೋ ಹಾಗೆ ಇಲ್ಲಿಯೂ ಗಿರಿಜೆಯೇ ಮುಂದಾದಳು.

"ಬೆಳಿಗ್ಗೆ ಇಸ್ಪೀಟಾಡೋವಾಗ ಅಪ್ಪ ಎಂಟೂ ಏಳೂ ಹದಿನಾರು ಅಂದ್ರು, ಸಾಹೇಬ್ರೇ."

ಸಾಹೇಬರು ನಗು ಕಾಣದಂತೆ ಕೈಯಿಂದ ಮೀಸೆ ಮುಚ್ಚಿಕೊಂಡರು. ಆಮೇಲೆ ಶಾಲೆಯ ಪುಸ್ತಕದಲ್ಲಿ ಬರೆದರು: 'ಹುಡುಗಿಯ ಲೆಕ್ಕ ಬಹು ಉತ್ತಮ. ಮೇಷ್ಟರಿಗೆ ಇನ್ನೂ ಅಭ್ಯಾಸ ಬೇಕು.'

ಸರ್ಕಾರದ ಅಪ್ಪಣೆ ಮೀರುವುದುಂಟೆ? ಅಂದು ಸಂಜೆ ಅರಳಿಕಟ್ಟೆಗೆ ನಾನೇ ಹೋಗಿ ಸಿದ್ದಪ್ಪನನ್ನು ಕರೆತಂದೆ.