ಹಾಲುಕೆನೆ ದೃಢೀಕರಣ

೧೯೯೮ರ ಆಗಸ್ಟ್ ತಿಂಗಳವರೆಗೆ ಗಂಡಸಿ ಹೋಬಳಿಯ ಹೆಂಗಸರಿಗೆ ತಮ್ಮ ಮೈಬಣ್ಣ ಯಾವುದೆಂದು ಅಧಿಕೃತವಾಗಿ ತಿಳಿದಿರಲಿಲ್ಲ. ಕನ್ನಡಿ ನೋಡಿಕೊಂಡು, ಅತ್ತೆ ನಾದಿನಿಯರ ಮಾತು ಕೇಳಿಕೊಂಡು, ಬರೀ ಅಂದಾಜಿನ ಮೇಲೆ ಸಂಸಾರ ಮಾಡುತ್ತಿದ್ದರು. ಈ ಕೊರತೆಯನ್ನು ನೀಗಿಸಿದ ಕೀರ್ತಿ ಗ್ರಾಮೀಣ ಮುಖಕಾಂತಿ ಇಲಾಖೆಗೆ ಸಲ್ಲತಕ್ಕದ್ದು.

ಇಲಾಖೆಯವರು ಗಂಡಸಿಯ ಹಾಲಿನ ಡೈರಿಯ ಮಹಡಿಯಲ್ಲಿ ಮದುವಣಗಿತ್ತಿ ಅಲಂಕಾರ ತರಬೇತಿ ಕೇಂದ್ರವೊಂದನ್ನು ತೆರೆದರು. ಮೂವತ್ತು ಹುಡುಗಿಯರು ಸೇರಿದರು. ಕಲಿಸಲು ನೇಮಕವಾದವಳು ಅದೇ ಊರಿನ ಶ್ಯಾಮಲಾ. ಇಪ್ಪತ್ನಾಲ್ಕು ವರ್ಷ, ಹಾಸನದಲ್ಲಿ ಆರು ತಿಂಗಳು ಬ್ಯೂಟಿಷಿಯನ್ ಕೋರ್ಸ್ ಮುಗಿಸಿ ಬಂದಿದ್ದಳು. ಕೆಲಸ ತಾತ್ಕಾಲಿಕ. ಒಂದು ವರ್ಷ ಯಾವ ತಕರಾರೂ ಇಲ್ಲದೆ ಕಳೆದರೆ ಖಾಯಂ ಮಾಡುವುದಾಗಿ ನೇಮಕದ ಆದೇಶದಲ್ಲೇ ಬರೆದಿತ್ತು. ತಾಯಿ ಅಂಕಮ್ಮ ಎರಡು ಎಮ್ಮೆ ಕಟ್ಟಿಕೊಂಡು ಮಗಳನ್ನು ಓದಿಸಿದ್ದಳು. ಅಲ್ಲಿಯವರೆಗೆ ಮೂರು ಗಂಡಿನ ಕಡೆಯವರು ಬಂದು ಶ್ಯಾಮಲಾಳನ್ನು ನೋಡಿ, ಉಪ್ಪಿಟ್ಟು ತಿಂದು, "ಹುಡುಗಿ ಗುಣ ಬಾಳ ಚೆನ್ನಾಗೈತೆ" ಎಂದು ಹೇಳಿ ಹೋಗಿದ್ದರು. ಗಂಡಸಿಯಲ್ಲಿ ಈ ಮಾತಿನ ಅರ್ಥ ಎಮ್ಮೆಗಳಿಗೂ ಗೊತ್ತಿತ್ತು.

ಶ್ಯಾಮಲಾ ಕಲಿಸಿದ ಮೊದಲ ಪಾಠವೇ ಫೌಂಡೇಶನ್ ಆರಿಸುವುದು. "ಅಂಗೈ ಹಿಂದೆ ಹಚ್ಚಿ ನೋಡಬ್ಯಾಡಿ, ಕೈಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆ ಹತ್ರ ಒಂದು ಗೀಟು ಎಳೀರಿ. ಟ್ಯೂಬ್‌ಲೈಟ್ ಕೆಳಗಲ್ಲ, ಬಿಸಿಲಿಗೆ ಬನ್ನಿ. ಹತ್ತು ನಿಮಿಷ ಬಿಡಿ. ಗೀಟು ಚರ್ಮದೊಳಗೆ ಸೇರ್ಕೊಂಡು ಕಾಣ್ದಂಗಾದ್ರೆ ಅದು ನಿಮ್ದು. ಕಂಡ್ರೆ, ಎಷ್ಟೇ ಚೆಂದ ಇದ್ರೂ ಬೇರೆಯವರ್ದು."

ಹುಡುಗಿಯರು ಬರೆದುಕೊಂಡರು. ಶ್ಯಾಮಲಾ ಸಂಜೆ ಕೂತು, ಮೂವತ್ತು ಮುಖಗಳನ್ನೂ ನೆನಪಿಸಿಕೊಂಡು, ಆರು ಬಗೆಯ ಬಣ್ಣಗಳ ಪಟ್ಟಿ ಮಾಡಿ ಅರಸೀಕೆರೆಯ ಇಲಾಖಾ ಕಚೇರಿಗೆ ಕಳಿಸಿದಳು.

ಎಂಟನೆಯ ದಿನ ಅಲ್ಲಿಂದ ಕರೆ ಬಂತು, ಶ್ಯಾಮಲಾ ಹೋದಳು. ವಿಶೇಷಾಧಿಕಾರಿ ಶರತ್ಚಂದ್ರ ಅವರು ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು.

"ಆರು ಬಣ್ಣ ಅಂತ ಬರೆದಿದ್ದೀರಲ್ಲಮ್ಮ?"

"ಹೌದು ಸಾರ್. ಚರ್ಮ ಆರು ಥರ ಐತೆ."

"ಇಡೀ ರಾಜ್ಯದ ಸರ್ಕಾರಿ ಗೋಡೆಗಳಿಗೆ ಒಂದೇ ಬಣ್ಣ ಸಾಕಾಗಿದೆ. ಒಂದು ಹೋಬಳಿಗೆ ಆರು ಅಂದರೆ ಮೇಲಿನವರು ಏನು ತಿಳಿದುಕೊಳ್ಳುತ್ತಾರೆ?"

ಪ್ರಶ್ನೆ ಉತ್ತರಕ್ಕಾಗಿ ಕೇಳಿದ್ದಲ್ಲ. ಟೆಂಡರ್ ಕರೆಯಲಾಯಿತು. ಮೂರು ಜನ ಹಾಕಿದರು. ಗೆದ್ದವರು ಅರಸೀಕೆರೆಯ ಕೊಬ್ಬರಿ ಮಂಡಿಯ ಮಾಲೀಕರಾದ ಕರಿಬಸವಯ್ಯನವರು. ಉಳಿದಿಬ್ಬರಲ್ಲಿ ಒಬ್ಬರು ಅವರ ತಮ್ಮ, ಮತ್ತೊಬ್ಬರು ಅವರ ಮಂಡಿಯ ತೂಕದವನು. ಆದ್ದರಿಂದ ಪೈಪೋಟಿ ಸೌಹಾರ್ದಯುತವಾಗಿತ್ತು. ಕರಿಬಸವಯ್ಯನವರಿಗೆ ಫೌಂಡೇಶನ್ ಎಂದರೆ ಮನೆ ಕಟ್ಟುವಾಗ ಹಾಕುವುದು ಎಂದಷ್ಟೇ ಗೊತ್ತಿತ್ತು. ಮುಖಕ್ಕೂ ಹಾಕುತ್ತಾರೆಂದು ಕಾರ್ಯಾದೇಶ ಕೈಗೆ ಬಂದ ಮೇಲೆ ಮನೆಯಲ್ಲಿ ಕೇಳಿ ತಿಳಿದುಕೊಂಡರು. ತಿಳಿದ ಮೇಲೆ ತಡ ಮಾಡಲಿಲ್ಲ. ಬೆಂಗಳೂರಿಗೆ ಹೋಗಿ, ಮುಚ್ಚಿಹೋದ ಅಂಗಡಿಯೊಂದರ ಗೋದಾಮಿನಿಂದ ಒಂಬೈನೂರು ಟ್ಯೂಬು ತಂದರು. ಒಂಬೈನೂರೂ ಒಂದೇ ಬಣ್ಣ. ಡಬ್ಬಿಯ ಮೇಲೆ ಏನೋ ಪರದೇಶದ ಭಾಷೆ. ಒಳಗಿನದನ್ನು ನೋಡಿ ಕಚೇರಿಯವರೇ ಅದಕ್ಕೆ 'ಹಾಲುಕೆನೆ' ಎಂದು ಹೆಸರಿಟ್ಟು ದಾಸ್ತಾನು ಪುಸ್ತಕದಲ್ಲಿ ಬರೆದುಕೊಂಡರು.

ಶ್ಯಾಮಲಾ ಒಂದು ಟ್ಯೂಬಿನ ಮುಚ್ಚಳ ತೆಗೆದು ದವಡೆಗೆ ಗೀಟೆಳೆದುಕೊಂಡು ಬಿಸಿಲಿಗೆ ನಿಂತಳು. ಡೈರಿಗೆ ಹಾಲು ಹಾಕಲು ಬಂದ ಚಲುವಮ್ಮ, "ಯಾಕವ್ವ, ಸುಣ್ಣ ತಗುಲ್ತಾ?" ಎಂದು ಸೆರಗಿನಿಂದ ಒರೆಸಲು ಬಂದಳು.

ಸಮಸ್ಯೆ ಇಷ್ಟಕ್ಕೇ ನಿಂತಿದ್ದರೆ ಟ್ಯೂಬುಗಳು ಬೀರುವಿನಲ್ಲಿ ಗೌರವದಿಂದ ಒಣಗುತ್ತಿದ್ದವು. ಆದರೆ ಖರೀದಿ ನಿಯಮ ಹದಿನಾಲ್ಕರ (ಇ) ಪ್ರಕಾರ 'ಸಾಮಗ್ರಿಯು ಫಲಾನುಭವಿಯ ಚರ್ಮಕ್ಕೆ ಹೊಂದಿದೆ' ಎಂಬ ದೃಢೀಕರಣ ಪತ್ರ ಲಗತ್ತಿಸಬೇಕಿತ್ತು. ಅದಿಲ್ಲದೆ ಕರಿಬಸವಯ್ಯನವರ ಬಿಲ್ಲು ಆಗುವಂತಿರಲಿಲ್ಲ, ಶ್ಯಾಮಲಾಳ ಕೆಲಸ ಖಾಯಂ ಆಗುವಂತಿರಲಿಲ್ಲ. ಪತ್ರ ಕೊಡಬೇಕಾದರೆ ಚರ್ಮಗಳ ಸಮೀಕ್ಷೆ ಆಗಬೇಕು. ಹೋಬಳಿಯಲ್ಲಿ ಚರ್ಮದ ಬಣ್ಣ ಗುರುತಿಸಿ ರಿಜಿಸ್ಟರಿನಲ್ಲಿ ಬರೆದು ಅನುಭವವಿದ್ದ ಸರ್ಕಾರಿ ನೌಕರರು ಒಬ್ಬರೇ. ಜಾನುವಾರು ಪರೀಕ್ಷಕ ಮರುಳಪ್ಪನವರು. ಅವರನ್ನು ಎರಡು ದಿನಕ್ಕೆ ನಿಯೋಜಿಸಲಾಯಿತು.

ಮರುಳಪ್ಪ ಮೂವತ್ತು ವರ್ಷ ಸುಳ್ಳು ಬರೆಯದ ಮನುಷ್ಯ. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳನ್ನೂ ಎಡಗಡೆಯಿಂದ, ಬಲಗಡೆಯಿಂದ ನೋಡಿ, ದನಗಳಿಗೆ ಬರೆಯುವ ಹಾಗೆಯೇ ಕೆಂದು, ಕೌಲು, ಕಪಿಲೆ, ಕರಿ ಎಂದು ಬರೆಯುತ್ತ ಹೋದರು. ಬಿಸಿಲಲ್ಲಿ ರಾಗಿ ಕಳೆ ತೆಗೆದು ಮೊಣಕೈ ಕೆಳಗೆ ಬೇರೆ ಬಣ್ಣವಾಗಿದ್ದ ಒಬ್ಬಳನ್ನು 'ಹಂಡ' ಎಂದು ದಾಖಲಿಸಿದರು. ಅಭ್ಯಾಸಬಲದಿಂದ, "ಬಾಯಿ ತೆಗಿಯವ್ವ, ಹಲ್ಲು ನೋಡಾನ" ಎಂದರು. ವಯಸ್ಸಿನ ಕಾಲಂ ಅವರು ಎಂದೂ ಬಾಯಿಮಾತಿನ ಮೇಲೆ ತುಂಬಿದವರಲ್ಲ.

ಶ್ಯಾಮಲಾ ಕೊನೆಗೆ ನಿಂತಳು. ಮರುಳಪ್ಪ ಬಹಳ ಹೊತ್ತು ನೋಡಿದರು.

"ಒಳ್ಳೇ ನೇರಳೆಹಣ್ಣಿನ ಬಣ್ಣ ಕಣವ್ವ. ಈ ಮೈಗೆ ಉಣ್ಣೆಹುಳ ಸೈತ ಹತ್ತಲ್ಲ."

ಅಂಥ ಮೆಚ್ಚುಗೆಯನ್ನು ಶ್ಯಾಮಲಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ, "ಥ್ಯಾಂಕ್ಸ್ ಸಾರ್" ಎಂದಳು.

ವರದಿ ಅರಸೀಕೆರೆಗೆ ಹೋಯಿತು: ಪರಿಶೀಲಿಸಿದ ಚರ್ಮ ಮೂವತ್ತೊಂದು, ಹಾಲುಕೆನೆಗೆ ಹೊಂದಿದ್ದು ಸೊನ್ನೆ. ಮೂರನೆಯ ದಿನವೇ ವಾಪಸ್ಸು ಬಂತು. ಅಂಚಿನಲ್ಲಿ ಶರತ್ಚಂದ್ರ ಅವರ ಕೈಬರಹ: 'ವರದಿಯು ದಾಸ್ತಾನಿಗೆ ತಾಳೆಯಾಗುತ್ತಿಲ್ಲ. ದಾಸ್ತಾನು ಸರ್ಕಾರದ ಸ್ವತ್ತಾಗಿದ್ದು ಬದಲಾಯಿಸಲು ಅವಕಾಶವಿಲ್ಲ. ಆದಕಾರಣ ಬದಲಾವಣೆಯನ್ನು ಎದುರು ಪಕ್ಷದಲ್ಲಿ ಮಾಡಿಕೊಂಡು ಮರುಸಮೀಕ್ಷೆ ನಡೆಸುವುದು.'

"ಎದುರು ಪಕ್ಷ ಅಂದ್ರೆ ಯಾರು ಸಾರ್?" ಎಂದು ಶ್ಯಾಮಲಾ ಫೋನಿನಲ್ಲಿ ಕೇಳಿದಳು.

"ಚರ್ಮ."

"ಚರ್ಮ ಬದಲಾಯ್ಸೋದು ಹೆಂಗೆ ಸಾರ್?"

"ಅದಕ್ಕೇ ಅಲ್ಲವೇನಮ್ಮ ಒಂಬೈನೂರು ಟ್ಯೂಬು ಕಳಿಸಿರುವುದು? ಮೊದಲು ಹಚ್ಚಿ. ಆಮೇಲೆ ಅಳೆಯಿರಿ."

ಶ್ಯಾಮಲಾ ಫೋನಿಟ್ಟು ಮೆಟ್ಟಿಲ ಮೇಲೆ ಕೂತಳು. ಹಚ್ಚದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಮೂವತ್ತು ಹುಡುಗಿಯರಿಗೂ ಸರ್ಟಿಫಿಕೇಟಿಲ್ಲ. ಅವರಲ್ಲಿ ಹನ್ನೊಂದು ಜನ ಅದು ಕೈಗೆ ಬರಲಿ ಎಂದು ಹೇಳಿಯೇ ಮದುವೆ ಮುಂದೂಡಿಸಿಕೊಂಡಿದ್ದರು. ಹಚ್ಚಿದರೆ, ತಾನು ಹೇಳಿಕೊಟ್ಟ ಪಾಠವನ್ನು ತಾನೇ ಒರೆಸಿದಂತೆ. ಮನೆಗೆ ಹೋಗಿ ತಾಯಿಗೆ ಹೇಳಿದಳು.

ಅಂಕಮ್ಮ ಎಮ್ಮೆಗೆ ಬೂಸಾ ಕಲಸುತ್ತಲೇ ಅಂದಳು, "ಎಮ್ಮೆ ಮಾರೋ ದಿನ ಎಣ್ಣೆ ಹಚ್ಚಿ ಹೊಳಪು ಮಾಡ್ಕಂಡು ಸಂತೆಗೆ ಹೋಗಲ್ವೇನೇ? ಮಾರನೇ ದಿನ ಅದು ಕೆಸರಲ್ಲಿ ಮಲಗ್ತೈತೆ. ಎಮ್ಮೆಗೇನೂ ನಾಚಿಕೆ ಇಲ್ಲ, ನಿಂಗ್ಯಾಕೆ?"

ಮರುಸಮೀಕ್ಷೆಯ ದಿನ ಮೂವತ್ತೊಂದು ಹಾಲುಕೆನೆ ಮುಖಗಳು ಸಾಲಾಗಿ ನಿಂತವು. ಮರುಳಪ್ಪ ಒಂದು ಸಲ ನೋಡಿ ಪೆನ್ನು ಕೆಳಗಿಟ್ಟರು.

"ಇವೆಲ್ಲ ಒಂದೇ ತಾಯಿ ಕರುಗಳಿದ್ದಂಗವೆ."

"ಕಂಡದ್ದನ್ನು ಬರೆಯಿರಿ ಮರುಳಪ್ಪನವರೇ, ನೀವು ಯಾವತ್ತೂ ಕಂಡದ್ದನ್ನೇ ಬರೆದವರು" ಎಂದರು ಖುದ್ದಾಗಿ ಬಂದಿದ್ದ ಶರತ್ಚಂದ್ರ. ಮರುಳಪ್ಪ ಕಂಡದ್ದನ್ನೇ ಬರೆದರು. ಮೂವತ್ತೊಂದಕ್ಕೆ ಮೂವತ್ತೊಂದು. ಪ್ರತಿಯೊಬ್ಬಳಿಗೂ ಫೋಟೋ ಅಂಟಿಸಿ, ಗುಂಡು ಮೊಹರು ಒತ್ತಿ, 'ಸದರಿಯವರ ಮೈಬಣ್ಣವು ಹಾಲುಕೆನೆ ಆಗಿರುತ್ತದೆ' ಎಂಬ ದೃಢೀಕರಣ ಪತ್ರ ನೀಡಲಾಯಿತು. ಕರಿಬಸವಯ್ಯನವರು ಸಂತೋಷಕ್ಕೆ ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚಿದರು. ತಿನ್ನುವಾಗ ಬಾಯಿಯ ಸುತ್ತ ಬಣ್ಣ ಬಿರುಕುಬಿಟ್ಟಿತು. ಆದರೆ ಅಷ್ಟರಲ್ಲಿ ಸಮೀಕ್ಷೆ ಮುಕ್ತಾಯವಾಗಿತ್ತು.

ಎರಡು ತಿಂಗಳ ನಂತರ ಖಾಯಮಾತಿಯ ಪರಿಶೀಲನೆಗೆ ಶ್ಯಾಮಲಾಳನ್ನು ಇಲಾಖೆಯ ಬೇಲೂರು ಕಚೇರಿಗೆ ಕರೆಸಿದರು. ಇಸ್ತ್ರಿ ಸೀರೆ ಉಟ್ಟು, ಮುಖ ತೊಳೆದುಕೊಂಡು, ಬೆಳಗಿನ ಬಸ್ಸು ಹತ್ತಿ ಹೋದಳು. ಮುಖ ತೊಳೆದದ್ದೇ ತಪ್ಪಾಯಿತು. ಅಲ್ಲಿನ ಸೂಪರಿಂಟೆಂಡೆಂಟ್ ಅನುಸೂಯಮ್ಮ ಪತ್ರವನ್ನೂ ಅವಳನ್ನೂ ನೋಡಿ ಹುಬ್ಬೇರಿಸಿದರು.

"ಶ್ಯಾಮಲಾ ಎಲ್ಲಿದ್ದಾಳಮ್ಮ?"

"ನಾನೇ ಮೇಡಂ."

"ಪತ್ರದಲ್ಲಿ ಹಾಲುಕೆನೆ ಅಂತಿದೆ. ನೀವು ಹಾಲುಕೆನೆ ಅಲ್ಲವಲ್ಲ. ಬೇರೆಯವರ ಪರವಾಗಿ ಹಾಜರಾಗೋದು ಅಪರಾಧ, ಗೊತ್ತಿದೆಯಾ?"

"ನನ್ನ ಪರವಾಗಿ ನಾನೇ ಹಾಜರಾಗಿದ್ದೀನಿ ಮೇಡಂ. ಹೆಸರೇ ಶ್ಯಾಮಲಾ ಅಂತೈತೆ, ನೋಡಿ."

"ಹೆಸರಿಗೆ ಮೊಹರು ಇಲ್ಲ. ಬಣ್ಣಕ್ಕೆ ಇದೆ."

ಶ್ಯಾಮಲಾಳ ವರ್ಷದ ದುಡಿಮೆ ಮೇಜಿನ ಮೇಲೆ ಮಗುಚಿ ಬೀಳುತ್ತಿತ್ತು. ಅನುಸೂಯಮ್ಮ ಕೆಟ್ಟವರಲ್ಲ. ದನಿ ತಗ್ಗಿಸಿ ಹೇಳಿದರು, "ನೋಡಮ್ಮ, ಮಧ್ಯಾಹ್ನ ಮೂರರ ತನಕ ಟೈಮಿದೆ. ನಿಜವಾದ ಶ್ಯಾಮಲಾನ ಕರ್ಕೊಂಡು ಬಾ."

ಶ್ಯಾಮಲಾ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನ ಕೈತೊಳೆಯುವ ಕನ್ನಡಿ ಮುಂದೆ ನಿಂತು, ವ್ಯಾನಿಟಿ ಬ್ಯಾಗಿನ ಟ್ಯೂಬು ತೆಗೆದು, ನಿಜವಾದ ಶ್ಯಾಮಲಾಳನ್ನು ಹಚ್ಚಿಕೊಂಡು ಬಂದಳು.

"ಈಗ ಸರಿಹೋಯ್ತು" ಎಂದರು ಅನುಸೂಯಮ್ಮ. "ಬೆಳಿಗ್ಗೆ ಯಾರೋ ನಿಮ್ಮ ಹೆಸರಲ್ಲಿ ಬಂದಿದ್ರು. ಹುಷಾರಾಗಿರಿ."

"ಕುತ್ತಿಗೆಗೆ ಹಚ್ಚಿಲ್ಲ ಮೇಡಂ, ಟ್ಯೂಬು ಮುಗೀತು."

"ಕುತ್ತಿಗೆ ಫೋಟೋದಲ್ಲಿ ಬರಲ್ಲ, ಬಿಡಿ."

ಕೆಲಸ ಖಾಯಂ ಆಯಿತು. ವಾಪಸ್ಸು ಬಸ್ಸಿನಲ್ಲಿ ಶ್ಯಾಮಲಾ ಕಿಟಕಿ ಪಕ್ಕ ಕೂತು ಒದ್ದೆ ಕರವಸ್ತ್ರದಿಂದ ಮುಖ ಒರೆಸಿಕೊಂಡಳು. ಹಳೇಬೀಡು ದಾಟುವ ಹೊತ್ತಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಪಕ್ಕದಲ್ಲಿ ಕೂತಿದ್ದ ಮುದುಕಿ, "ಬಣ್ಣದ ನಾಟ್ಕ ಮುಗೀತೇನವ್ವ?" ಎಂದು ಕೇಳಿದಳು. "ಈಗ ಖಾಯಂ ಆಯ್ತು ಕಣಜ್ಜಿ" ಎಂದಳು ಶ್ಯಾಮಲಾ.

ದೃಢೀಕರಣ ಪತ್ರದ ನಿಜವಾದ ಉಪಯೋಗ ಜನರಿಗೆ ತಿಳಿದದ್ದು ಆ ಮಾಘ ಮಾಸದಲ್ಲಿ. ತರಬೇತಿ ಪಡೆದ ಹುಡುಗಿಯೊಬ್ಬಳನ್ನು ನೋಡಲು ಬಂದವರು ಬಣ್ಣದ ವಿಷಯ ಎತ್ತಿದಾಗ ಅವಳ ಅಪ್ಪ ಪತ್ರ ತಂದು ಮುಂದಿಟ್ಟ. ಗಂಡಿನ ಕಡೆಯವರು ಗುಂಡು ಮೊಹರನ್ನು ನೋಡಿದರು. ಹುಡುಗಿಯನ್ನು ನೋಡಿದರು. ಮತ್ತೆ ಮೊಹರನ್ನು ನೋಡಿದರು. "ಗೌರ್ಮೆಂಟೇ ಹೇಳಿದ ಮೇಲೆ ನಮ್ಮ ಕಣ್ಣಿಂದೇನು?" ಎಂದು ಒಪ್ಪಿಗೆ ಕೊಟ್ಟರು. ಹನ್ನೆರಡು ದಿನದಲ್ಲಿ ನಾಲ್ಕು ಮದುವೆ ಗಟ್ಟಿಯಾದವು. ಡೈರಿಯ ಮೆಟ್ಟಿಲಿನಿಂದ ಸಂತೆಮಾಳದವರೆಗೆ ಕ್ಯೂ ನಿಂತಿತು. ಶ್ಯಾಮಲಾ ಹಚ್ಚುವಳು, ಮರುಳಪ್ಪ ಕಂಡದ್ದನ್ನು ಬರೆಯುವರು, ಹೆಂಗಸರು ಕೆಳಗಿನ ನಲ್ಲಿಯಲ್ಲಿ ಮುಖ ತೊಳೆದು ಪತ್ರ ಹಿಡಿದುಕೊಂಡು ಮನೆಗೆ ಹೋಗುವರು. ಆಮೇಲೆ ಯಾರೂ ಮುಖಕ್ಕೆ ಏನೂ ಹಚ್ಚುತ್ತಿರಲಿಲ್ಲ. ಹಚ್ಚುವ ಅಗತ್ಯವೇ ಇರಲಿಲ್ಲ. ಕರಿಬಸವಯ್ಯನವರು ಇನ್ನೂ ಎರಡು ಸಾವಿರ ಟ್ಯೂಬಿಗೆ ಆದೇಶ ಪಡೆದು ಮಂಡಿಯ ಒಂದು ಬದಿಯನ್ನು ಹಾಲುಕೆನೆಗೆ ಬಿಟ್ಟರು. ಹೆಂಗಸರಿಗೆ ಮಾತ್ರ ಎಂಬ ನಿಯಮ ತಾರತಮ್ಯದ್ದೆಂದು ಯಾರೋ ಅರ್ಜಿ ಕೊಟ್ಟ ಮೇಲೆ ಗಂಡಸರಿಗೂ ವಿಸ್ತರಿಸಲಾಯಿತು.

ಚೈತ್ರದಲ್ಲಿ ಶ್ಯಾಮಲಾಳನ್ನು ನೋಡಲು ಹಳೇಬೀಡಿನಿಂದ ನಾಲ್ಕನೆಯ ಗಂಡು ಬಂತು. ಹುಡುಗ ದೇವೇಂದ್ರ, ಪ್ರೌಢಶಾಲೆಯಲ್ಲಿ ಗುಮಾಸ್ತ. ಜೊತೆಗೆ ತಂದೆ ತಮ್ಮಯ್ಯ. ಶ್ಯಾಮಲಾ ಮುಖಕ್ಕೆ ಬರೀ ಅರಿಶಿನ ಸೋಕಿಸಿಕೊಂಡು ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ತಮ್ಮಯ್ಯ ಪತ್ರವನ್ನು ಅವಳ ಕೆನ್ನೆಯ ಪಕ್ಕ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ನಿಧಾನವಾಗಿ ನೋಡಿದರು.

"ಹಾಲುಕೆನೆ. ಸರಿಯಾಗೈತೆ" ಎಂದರು.

ದೇವೇಂದ್ರ ಪತ್ರದ ಕಡೆ ನೋಡಲೇ ಇಲ್ಲ. ಶ್ಯಾಮಲಾಳನ್ನೇ ನೋಡುತ್ತಿದ್ದ, ನೋಡುವಾಗ ಉಪ್ಪಿಟ್ಟು ತಣ್ಣಗಾಗುತ್ತಿತ್ತು. ಅವನೂ ಒಳ್ಳೇ ರಾಗಿ ಮುದ್ದೆಯ ಬಣ್ಣ. ಶ್ಯಾಮಲಾಗೆ ಅದು ಹಿಡಿಸಿತು. ಆದರೆ ಈಗ ಅವಳು ಖಾಯಂ ನೌಕರಿಯವಳು.

"ನಿಮ್ಮದು?" ಎಂದು ಕೇಳಿದಳು.

ದೇವೇಂದ್ರ ತಲೆ ತಗ್ಗಿಸಿದ. "ಅಪ್ಲಿಕೇಶನ್ ಹಾಕಿದ್ದೀನಿ. ಬೇಲೂರಲ್ಲಿ ಪೆಂಡಿಂಗ್ ಐತೆ."

ಅಂಕಮ್ಮ ಬಾಗಿಲ ಹಿಂದಿನಿಂದ ಮುಂದೆ ಬಂದಳು. "ಹಂಗಾದ್ರೆ ಹುಡುಗನ ಬಣ್ಣ ಇನ್ನೂ ಬಂದಿಲ್ಲ ಅನ್ನಿ."

"ಹದಿನೈದು ದಿನದಲ್ಲಿ ಬತ್ತೈತಮ್ಮ" ಎಂದರು ತಮ್ಮಯ್ಯ, ಸ್ವಲ್ಪ ಸಂಕೋಚದಿಂದ.

"ಅನುಸೂಯಮ್ಮ ಮೇಡಂ ರಜದಲ್ಲಿ ಅವ್ರೆ. ಇಪ್ಪತ್ತೈದು ದಿನ ಅಂತಿಟ್ಕೊಳ್ಳಿ" ಎಂದಳು ಶ್ಯಾಮಲಾ. ದೇವೇಂದ್ರ ಮುಗುಳ್ನಕ್ಕ. ಅವಳೂ ನಕ್ಕಳು.

ತಮ್ಮಯ್ಯ ಪಂಚಾಂಗ ತೆಗೆದು ಬೆರಳೆಣಿಸಿದರು. ಬಣ್ಣ ಬಂದ ನಂತರದ ಮೊದಲ ಶುಭ ಮುಹೂರ್ತದಲ್ಲಿ ಲಗ್ನ ಇಟ್ಟುಕೊಳ್ಳುವುದೆಂದು ಮಾತಾಯಿತು. ಇದರಲ್ಲಿ ಅನುಮಾನ ಪಡುವಂಥದ್ದು ಎರಡೂ ಕಡೆಯವರಿಗೆ ಏನೂ ಕಾಣಲಿಲ್ಲವಾದ್ದರಿಂದ ಎಲೆ ಅಡಿಕೆ ಬದಲಾಯಿಸಿಕೊಂಡರು.