ನಿಪ್ಪಾಣಿಗೆ ವಾತ ಬಡಿದದ್ದು

ರದ್ದಿ ಕಾಗದದ ಗಂಟಿನಲ್ಲಿ ಬಂದ ಆ ಪುಸ್ತಕವನ್ನು ಶಾಂತಿನಾಥ ಭಜಿ ಕಟ್ಟಲು ಹರಿದುಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹರಿಯುವ ಮುಂಚೆ ಒಂದು ಪುಟ ಓದಿದ. ಅಲ್ಲೇ ಕೆಟ್ಟಿತು.

ನಿಪ್ಪಾಣಿಯ ತಂಬಾಕು ದಾಸ್ತಾನಿನ ವಖಾರಿಗಳ ಓಣಿಯಲ್ಲಿ ಅವನದೊಂದು ಖಾನಾವಳಿ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ ಅಲ್ಲಿಯತನಕ ಅವನ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ತರದ ಮಂದಿ: ರೊಟ್ಟಿ ಉಣ್ಣುವವರು, ಅನ್ನ ಉಣ್ಣುವವರು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಪುಸ್ತಕ ಬೇರೆಯೇ ಹೇಳಿತು. ಮನುಷ್ಯರಲ್ಲಿ ವಾತ, ಪಿತ್ತ, ಕಫ ಎಂದು ಮೂರು ಪ್ರಕೃತಿ. ವಾತದವರು ಒಣಕಲು, ಬಾಯಿ ಜಾಸ್ತಿ, ಕೀಲು ಲಟಲಟ ಅನ್ನುತ್ತವೆ; ಅವರಿಗೆ ತುಪ್ಪ ಬೀಳಬೇಕು. ಪಿತ್ತದವರು ಸಿಡುಕರು, ಅವರಿಗೆ ಖಾರ ಕೂಡದು. ಕಫದವರು ದಪ್ಪಗೆ, ತೂಕಡಿಸುವ ಮಂದಿ. ಅವರಿಗೆ ತುಪ್ಪ, ಮೊಸರು, ಸಿಹಿ ಎಲ್ಲ ಬಂದ್. ಮುಂದಿನ ಪುಟಗಳನ್ನು ಗೆದ್ದಲು ತಿಂದಿತ್ತು. ಶಾಂತಿನಾಥನಿಗೆ ಇಷ್ಟೇ ಸಾಕಾಯಿತು.

ಸಂತೆಯ ದಿನ ಬೆಳಿಗ್ಗೆ ಮೊದಲ ಪ್ರಯೋಗ ಹೆಂಡತಿ ಕಸ್ತೂರೆವ್ವನ ಮೇಲೆ ನಡೆಯಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳನ್ನು ಎಮ್ಮೆ ಕೊಳ್ಳಲು ಬಂದವನಂತೆ ಸುತ್ತ ತಿರುಗಿ ನೋಡಿ, "ನಿಂದ ಪಿತ್ತ" ಎಂದ.

"ಪುಸ್ತಕಾ ಓದೂಕಿಂತ ಮೊದಲ ನಾ ಏನಿದ್ದೆರಿ?"

"ಹೆಂಡ್ತಿ."

ಕಸ್ತೂರೆವ್ವ ರೊಟ್ಟಿಯನ್ನು ಕಲ್ಲು ಒಡೆಯುವಂತೆ ಬಡಿದಳು. ಇದೂ ಪಿತ್ತದ ಲಕ್ಷಣವೇ ಎಂದು ಶಾಂತಿನಾಥ ಒಳಗೊಳಗೇ ಹಿಗ್ಗಿದ.

ಮಧ್ಯಾಹ್ನ ಊಟಕ್ಕೆ ಮೊದಲು ಬಂದವರು ಶಾಲೆಯ ಬಾಳಾಸಾಬ ಮಾಸ್ತರರು. ಅವರ ತಾಟಿಗೆ ಖಾರವಿಲ್ಲದ ಕಡಲೆಹಿಟ್ಟಿನ ಝುಣಕ ಬಿತ್ತು. ಒಂದು ತುತ್ತು ಬಾಯಿಗಿಟ್ಟ ಮಾಸ್ತರರು ಇದೇನು ಬಾಣಂತಿ ಊಟವೇ ಎಂದು ಸಿಡಿದರು. ಸಿಟ್ಟು ಬಂದದ್ದರಿಂದಲೇ ತಾವು ಪಿತ್ತದವರೆಂದು ಸಾಬೀತಾಯಿತು ಎಂದು ಶಾಂತಿನಾಥ ತಿಳಿಸಿದ. ಮಾಸ್ತರರು ಇನ್ನಷ್ಟು ಸಿಡಿದರು. ಅದು ಇನ್ನಷ್ಟು ಸಾಬೀತಾಯಿತು. ಕೊನೆಗೆ ಅವರು ಪುಸ್ತಕವನ್ನೇ ಕಸಿದುಕೊಂಡು, ಸಪ್ಪೆ ಝುಣಕ ಉಣ್ಣುತ್ತಲೇ ಓದತೊಡಗಿದರು.

ಆಮೇಲೆ ಬಂದವನು ಹಮಾಲ ಅಲ್ಲಾಬಕ್ಷ. ನಸುಕಿನಿಂದ ತಂಬಾಕಿನ ಮೂಟೆ ಹೊತ್ತು ಕಣ್ಣು ಎಳೆಯುತ್ತಿದ್ದವು. ಮೈ ನೋಡಿದರೆ ಗರಡಿ ಪೈಲವಾನನ ಹಾಗೆ. ದಪ್ಪ, ತೂಕಡಿಕೆ. ಶಾಂತಿನಾಥನಿಗೆ ಪುಟ ತಿರುವುವ ಅಗತ್ಯವೂ ಬೀಳಲಿಲ್ಲ. ಅಲ್ಲಾಬಕ್ಷನ ಮುಂದಿದ್ದ ಮೊಸರಿನ ವಾಟಿಯನ್ನು ಎತ್ತಿಕೊಂಡ. ಅದೇ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಕಡ್ಡಿಯಂಥ ಗುಮಾಸ್ತನ ರೊಟ್ಟಿಯ ಮೇಲೆ ತುಪ್ಪ ಸುರಿದ.

ಅಲ್ಲಾಬಕ್ಷ ಅತ್ತ ನೋಡಿದ, ಇತ್ತ ನೋಡಿದ. ಯಾಕೆ ಹೀಗೆ ಎಂದು ಸಮಾಧಾನದಿಂದಲೇ ವಿಚಾರಿಸಿದ. ಶಾಂತಿನಾಥ ಮೂರೂ ಪ್ರಕೃತಿಗಳನ್ನು ಬಿಡಿಸಿ ಹೇಳಿದ. ಅಲ್ಲಾಬಕ್ಷ ಎರಡೂ ಕೈಯ ಬೆರಳು ಹೆಣೆದು ಒಮ್ಮೆ ಒತ್ತಿದ. ಒಣ ಕಟ್ಟಿಗೆ ಮುರಿದಂತೆ ಸಪ್ಪಳವಾಯಿತು.

"ಅಣ್ಣಾ, ಮೈ ನೋಡಿ ಮೋಸಾ ಹೋಗಬ್ಯಾಡ್ರಿ. ನಂದ ಹುಟ್ಟಾ ವಾತ."

ಮಾಸ್ತರರು ಪುಟ ನೋಡಿ, ಕೀಲಿನ ಸಪ್ಪಳ ಇದ್ದರೆ ವಾತವೇ ಹೌದು ಎಂದರು. ಶಾಂತಿನಾಥ ವಿಧಿಯಿಲ್ಲದೆ ತುಪ್ಪ ಬಡಿಸಿದ. ಮರುಕ್ಷಣ ಖಾನಾವಳಿಯ ತುಂಬ ಲಟ್, ಲಟ್ ಎಂದು ಬೆರಳು ಮುರಿಯುವ ಸಪ್ಪಳ ಎದ್ದಿತು. ಒಬ್ಬ ಕುತ್ತಿಗೆ ತಿರುವಿದ, ಇನ್ನೊಬ್ಬ ಎದ್ದು ನಿಂತು ಸೊಂಟವನ್ನೇ ಲಟಕಿಸಿದ. ಸುದ್ದಿ ವಖಾರಿಗೆ ಮುಟ್ಟಿತು. ಬೋರಗಾಂವದಿಂದ ಸಂತೆಗೆ ಬಂದಿದ್ದ ಮಗ್ಗದವರೂ ಬೆರಳು ಒತ್ತಿಕೊಳ್ಳುತ್ತ ಒಳಗೆ ಬಂದರು. ಉಣ್ಣುವ ಹೊತ್ತು ಮುಗಿಯುವುದರೊಳಗೆ ಅರ್ಧ ನಿಪ್ಪಾಣಿಗೆ ವಾತ ಬಡಿದು, ತುಪ್ಪದ ಡಬ್ಬಿಯ ತಳ ಕಂಡಿತು.

ಜಗಳ ಶುರುವಾದದ್ದು ಆಗ. ಕಡ್ಡಿ ಗುಮಾಸ್ತ ಎದ್ದುನಿಂತು, ಅಸಲಿ ವಾತದವರ ತುಪ್ಪವನ್ನು ಸುಳ್ಳು ವಾತದವರು ತಿಂದುಹೋಗುತ್ತಿದ್ದಾರೆ ಎಂದ. ತಮಗೆ ಬೇರೆ ಸಾಲು ಬೇಕೆಂದ. ವಾತಕ್ಕೆ ಬೇರೆ ಸಾಲಾದರೆ ತಮಗೇನು ಕಡಿಮೆ ಎಂದು ಪಿತ್ತದವರು ಎದ್ದರು. ಕಫದವರು ಎಂದು ಒಪ್ಪಿಕೊಂಡವರು ಯಾರೂ ಇರಲಿಲ್ಲ. ಆದರೂ ಒಂದು ಕಫದ ಸಾಲು ಇರಲೇಬೇಕು, ಬೇಡಾದವರನ್ನು ಎಲ್ಲಿ ಕೂರಿಸುವುದು ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ಬಾಳಾಸಾಬ ಮಾಸ್ತರರು ಬೆತ್ತವಿಲ್ಲದಿದ್ದರೂ ಬೆತ್ತ ಹಿಡಿದವರ ಗತ್ತಿನಲ್ಲಿ ಮಂದಿಯನ್ನು ಮೂರು ಪಾಲು ಮಾಡಿದರು. ದಿನಾ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಉಣ್ಣುತ್ತಿದ್ದವರು ಪಕ್ಕದವರ ತಾಟಿನಿಂದ ತಮ್ಮ ತಾಟನ್ನು ದೂರ ಸರಿಸಿಕೊಂಡರು.

ಶಾಂತಿನಾಥನಿಗೆ ಹೆದರಿಕೆ ಹತ್ತಿತು. ಮಾಸ್ತರರ ಕೈಯಿಂದ ಪುಸ್ತಕ ಕಿತ್ತು, ಒಲೆಗೆ ಹಾಕಿ, ಇನ್ನು ಮೇಲೆ ಎಲ್ಲರಿಗೂ ಒಂದೇ ಊಟ, ಒಂದೇ ಸಾಲು ಎಂದು ಕೈಮುಗಿದ.

ಯಾರೂ ಕೂರಲಿಲ್ಲ. ಅಲ್ಲಾಬಕ್ಷನೇ ಎಲ್ಲರ ಪರವಾಗಿ ಮಾತಾಡಿದ.

"ಪುಸ್ತಕಾ ಸುಟ್ಟರ ನಮ್ಮ ಪ್ರಕೃತಿ ಸುಡತೈತೇನ್ರಿ ಅಣ್ಣಾ?"

ಎದುರಿಗೇ ಲಗಮವ್ವನ ಖಾನಾವಳಿ. ನೊಣ ಬಿಟ್ಟರೆ ಅಲ್ಲಿ ಗಿರಾಕಿ ಕಾಣುತ್ತಿರಲಿಲ್ಲ. ಮಧ್ಯಾಹ್ನದಿಂದ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಲಗಮವ್ವ ಸಂಜೆಯೊಳಗೆ ಮೂರು ಚಾಪೆ ಹಾಸಿ, ಮಾಸ್ತರರಿಗೆ ಬಾಗಿಲ ಬಳಿ ಒಂದು ಖುರ್ಚಿ ಹಾಕಿಸಿದಳು. ಪುಸ್ತಕ ಅವರಿಗೆ ಅಷ್ಟರಲ್ಲಿ ಬಾಯಿಪಾಠವಾಗಿತ್ತು. ಮಂದಿ ಅಲ್ಲಿಗೆ ಹರಿಯಿತು.

ದೀಪ ಹಚ್ಚುವ ಹೊತ್ತಿಗೆ ಶಾಂತಿನಾಥನ ಹೊಟ್ಟೆ ಚುರುಗುಟ್ಟಿತು. ಬೆಳಿಗ್ಗೆಯಿಂದ ಅವನೇ ಉಂಡಿರಲಿಲ್ಲ. ಬುಟ್ಟಿಯಲ್ಲಿ ರೊಟ್ಟಿಯ ಚೂರೂ ಇರಲಿಲ್ಲ. ಏನಾದರೂ ಬೇಯಿಸು ಎಂದು ಹೆಂಡತಿಯನ್ನು ಬೇಡಿಕೊಂಡ.

"ನಂದ ಪಿತ್ತ ಐತೆಲ್ರಿ, ಒಲಿ ಮುಂದ ಕುಂಡ್ರಬಾರದು" ಎಂದು ಕಸ್ತೂರೆವ್ವ ಗೋಡೆ ಕಡೆ ತಿರುಗಿ ಮಲಗಿದಳು.

ತಲೆಗೆ ಟವೆಲ್ ಸುತ್ತಿಕೊಂಡು ಅವನು ರಸ್ತೆ ದಾಟಿದ. ಲಗಮವ್ವ ಅವನನ್ನು ಮೊದಲ ಸಲ ಕಂಡವಳಂತೆ ನೋಡಿ, ಯಾವ ಪ್ರಕೃತಿ ಎಂದು ಕೇಳಿದಳು.

"ಯಕ್ಕಾ, ನಂದ ಯಾವದೂ ಇಲ್ಲ. ಹಸಿವಷ್ಟ ಐತಿ."

"ಯಾವದೂ ಇಲ್ಲದವರಿಗೆ ಹೊರಗ ಕಟ್ಟಿ ಐತಿ, ತಮ್ಮಾ. ಎಲ್ಲಾರದೂ ಆದಮ್ಯಾಲ ಉಳದರ ಹಾಕತೇನಿ."

ಶಾಂತಿನಾಥ ಕಟ್ಟೆಯನ್ನು ನೋಡಿದ. ಒಳಗಿನಿಂದ ತುಪ್ಪದ ವಾಸನೆ ಬಂತು. ಅಳುಕುತ್ತ ಬೆರಳು ಹೆಣೆದು ಒತ್ತಿದ. ಸಪ್ಪಳವೇ ಬರಲಿಲ್ಲ. ಮತ್ತೊಮ್ಮೆ ಒತ್ತಿದ. ಖುರ್ಚಿಯಲ್ಲಿದ್ದ ಬಾಳಾಸಾಬ ಮಾಸ್ತರರು ಚಷ್ಮಾ ಸರಿಮಾಡಿಕೊಂಡು ಅವನ ಹೊಟ್ಟೆಯನ್ನು ಸಾವಕಾಶ ನೋಡಿದರು.

"ಕಫ" ಎಂದರು.

ಮೂರನೆಯ ಚಾಪೆ ಪೂರಾ ಖಾಲಿ ಇತ್ತು. ಅವನು ಅದರ ಮೇಲೆ ಒಬ್ಬನೇ ಕೂತ. ಲಗಮವ್ವ ಎರಡು ಒಣ ರೊಟ್ಟಿ, ಒಂದು ಹಿಡಿ ಕೆಂಪು ಚಟ್ನಿ ಇಟ್ಟು, ತಂಬಿಗೆಯ ನೀರನ್ನೂ ಬಿಸಿ ಮಾಡಿ ತಂದಳು; ಕಫಕ್ಕೆ ತಣ್ಣೀರು ಕೂಡದಂತೆ.